ಬೆಟ್ಟದ ನಾಡಲ್ಲಿ ಭೂಕಂಪ: ಕಾಲಡಿಯ ನೆಲದ ಜೊತೆ ತಲೆಯ ಮೇಲಿನ ಗುಡ್ಡವನ್ನೂ ನೋಡಿ

ಭೂಕಂಪ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬೀಳುವ ಕಟ್ಟಡ. ಬಯಲು ಸೀಮೆಯಲ್ಲಿ ಅಷ್ಟು ಯೋಚಿಸಿದರೆ ಸಾಕು. ಬೆಟ್ಟಗಳ ನಡುವೆ ಮನೆ ಗಟ್ಟಿಯಾಗಿ ನಿಂತರೂ ಮೇಲಿನ ಗುಡ್ಡ ಅದರ ಮೇಲೆ ಬರಬಹುದು. 2008ರ ಮೇ 12ರಂದು ಚೀನಾದ ಸಿಚುವಾನ್ ಪ್ರಾಂತ್ಯದ ವೆಂಚುವಾನ್‌ನಲ್ಲಿ 7.9 ತೀವ್ರತೆಯ ಭೂಕಂಪವಾಯಿತು. ಹತ್ತಾರು ಸಾವಿರ ಕಡೆ ಗುಡ್ಡ ಜರಿಯಿತು. ಸತ್ತವರಲ್ಲಿ ಸುಮಾರು 20,000 ಜನರನ್ನು ಬಲಿ ತೆಗೆದುಕೊಂಡದ್ದು ಭೂಕುಸಿತವೇ ಎಂಬ ಅಂದಾಜಿದೆ.

ಭೂಕಂಪ ಬರುವ ಬೆಟ್ಟಸೀಮೆಯಲ್ಲಿ ವಾಸವಿರುವವರು, ಅಲ್ಲಿಗೆ ಕೆಲಸಕ್ಕೋ ಚಾರಣಕ್ಕೋ ಹೋಗುವವರು ಏನು ಮಾಡಬೇಕು ಎಂಬುದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಮುಂಚಿನ ತಯಾರಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಗುಡ್ಡ ಇಳಿಯಲು ಶುರುವಾದ ಮೇಲೆ ಯೋಚನೆಗೆ ಸಮಯ ಸಿಗುವುದಿಲ್ಲ, ಅಲ್ವಾ?

1. ಗುಡ್ಡದ ನೆತ್ತಿಯ ಕೋನ ಅಳೆಯಿರಿ

ಮನೆಯ ಮುಂದೆ ನಿಂತು ಸುತ್ತ ಒಂದು ಸಲ ತಿರುಗಿ ನೋಡಿ. ಗುಡ್ಡ ಆಕಾಶಕ್ಕೆ ತಾಗುವ ಗೆರೆ ಯಾವ ದಿಕ್ಕಿನಲ್ಲಿ ಅತಿ ಎತ್ತರವಾಗಿ ಕಾಣುತ್ತದೆ? ಆ ಗೆರೆ ನೋಡಲು ಎಷ್ಟು ಕತ್ತೆತ್ತಬೇಕು? ನಮಗೆ ಬೇಕಾದದ್ದು ಆ ಕೋನ.

ಅಳೆಯುವುದು ಕಷ್ಟವಲ್ಲ. ಹೆಚ್ಚಿನ ಫೋನುಗಳಲ್ಲಿ ಮಟ್ಟ ನೋಡುವ ಆ್ಯಪ್ ಇರುತ್ತದೆ. ಫೋನಿನ ಉದ್ದನೆಯ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೆತ್ತಿಯ ಕಡೆಗೆ ಗುರಿ ಮಾಡಿ, ಎಷ್ಟು ಡಿಗ್ರಿ ತೋರಿಸುತ್ತದೆ ಎಂದು ಪಕ್ಕದವರಿಗೆ ಓದಲು ಹೇಳಿ. ಫೋನ್ ಇಲ್ಲದಿದ್ದರೆ ಕೈ ಸಾಕು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಕಣ್ಣಿನ ಮಟ್ಟದಿಂದ ಶುರುಮಾಡಿ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ನೆತ್ತಿಯವರೆಗೆ ಎಣಿಸಿ. ಕಣ್ಣಿನ ಮಟ್ಟ ಯಾವುದೆಂದು ಅನುಮಾನ ಬಂದರೆ, ಅರ್ಧ ನೀರಿರುವ ಬಾಟಲಿಯನ್ನು ಮುಖದ ಮುಂದೆ ಹಿಡಿಯಿರಿ. ನೀರಿನ ಗೆರೆಯ ನೇರಕ್ಕೆ ಕಾಣುವುದೇ ನಿಮ್ಮ ಮಟ್ಟ.

ಈ ಕೋನಕ್ಕೆ ಯಾಕಿಷ್ಟು ಮಹತ್ವ? ಹಿಂದಿನ ದೊಡ್ಡ ಭೂಕಂಪಗಳಲ್ಲಿ ಎಲ್ಲೆಲ್ಲಿ ಗುಡ್ಡ ಜರಿದಿತ್ತು ಎಂಬ ನಕ್ಷೆಗಳನ್ನು ಇಟ್ಟುಕೊಂಡು ಸಂಶೋಧಕರು ಲೆಕ್ಕ ಹಾಕಿದರು. 2019ರಲ್ಲಿ ಅವರು ಕೊಟ್ಟ ಸಲಹೆ ಮೂರೇ ಮಾತಿನದು. ನೀವಿರುವ ಜಾಗ ಆದಷ್ಟು ಸಮತಟ್ಟಾಗಿರಲಿ. ಅಲ್ಲಿಂದ ಕಾಣುವ ನೆತ್ತಿಯ ಕೋನ ಆದಷ್ಟು ಕಡಿಮೆ ಇರಲಿ. 10 ಡಿಗ್ರಿಗಿಂತ ಕಡಿದಾಗಿ ಇಳಿಯುವ, ಮೇಲ್ಭಾಗದಲ್ಲಿ 40 ಡಿಗ್ರಿಗಿಂತ ಕಡಿದಾದ ಇಳಿಜಾರುಗಳೇ ತುಂಬಿರುವ ಹಳ್ಳಗಳಿಂದ ದೂರವಿರಿ. ಭೂವಿಜ್ಞಾನ ಓದದವರೂ ಬಳಸಬಹುದಾದ ನಿಯಮಗಳಿವು. ನನಗೆ ಇವು ಹಿಡಿಸಿದ್ದು ಅದಕ್ಕೇ.

ಇಷ್ಟು ಡಿಗ್ರಿ ಇದ್ದರೆ ಸುರಕ್ಷಿತ, ದಾಟಿದರೆ ಅಪಾಯ ಎಂದು ಗೆರೆ ಎಳೆಯಲು ಹೋಗಬೇಡಿ. ಎರಡು ಜಾಗಗಳನ್ನು ಹೋಲಿಸಲು ಈ ಕೋನ ಬಳಸಿ. ಹೊಸ ಮನೆ ಎಲ್ಲಿ, ಶಾಲೆ ಎಲ್ಲಿ, ರಾತ್ರಿಗೆ ಡೇರೆ ಎಲ್ಲಿ ಎಂಬ ಪ್ರಶ್ನೆ ಬಂದಾಗ ಎರಡೂ ಕಡೆ ಅಳೆದು, ಕೋನ ಕಡಿಮೆ ಇರುವುದನ್ನು ಆರಿಸಿಕೊಳ್ಳಿ. ಒಂದೇ ಊರಿನೊಳಗೆ ಇನ್ನೂರು ಮೀಟರ್ ಸರಿದರೂ ಕೋನ ಎಷ್ಟೋ ಬದಲಾಗುತ್ತದೆ.

ಮೇಲೆ ಹಿಮಶಿಖರವಿದ್ದರೆ ಈ ಲೆಕ್ಕವೂ ಸಾಲದು. 1970ರ ಮೇ 31ರಂದು ಪೆರುವಿನಲ್ಲಿ 7.9 ತೀವ್ರತೆಯ ಭೂಕಂಪವಾದಾಗ ಹುವಾಸ್ಕರಾನ್ ಶಿಖರದ ಒಂದು ಪಾಲು, ಬಂಡೆ ಮತ್ತು ಹಿಮ ಸಮೇತ ಕಳಚಿತು. ಹತ್ತಕ್ಕೂ ಹೆಚ್ಚು ಕಿಲೋಮೀಟರ್ ಓಡಿ, ನಡುವಿನ ಗುಡ್ಡದ ಏಣನ್ನೂ (ಬೆನ್ನಿನಂತೆ ಚಾಚಿದ ಎತ್ತರದ ಅಂಚು) ಹಾರಿ, ಕೆಲವೇ ನಿಮಿಷಗಳಲ್ಲಿ ಯುಂಗೈ ಪಟ್ಟಣವನ್ನು ಹೂತುಹಾಕಿತು. ಊರಿನ ಸ್ಮಶಾನವಿದ್ದ ದಿಣ್ಣೆ ಹತ್ತಿದ 92 ಜನ ಉಳಿದರು. ದಿಣ್ಣೆಯೇನೂ ದೂರದಲ್ಲಿರಲಿಲ್ಲ, ಊರಿನ ಪಕ್ಕದಲ್ಲೇ ಇತ್ತು. ನಿಮ್ಮ ಊರಿನಲ್ಲಿ ಓಡಿ ಹತ್ತಬಹುದಾದ ಇಂಥ ದಿಣ್ಣೆ ಯಾವುದು ಎಂದು ಇವತ್ತೇ ಗುರುತಿಸಿಡಿ.

2. ಹಳ್ಳದ ಬಾಯಿಯಲ್ಲಿರುವ ಸಮತಟ್ಟು ನೆಲವನ್ನು ಅನುಮಾನಿಸಿ

ಕಣಿವೆಯಲ್ಲಿ ಮನೆ ಕಟ್ಟಲು ಎಲ್ಲರಿಗೂ ಇಷ್ಟವಾಗುವ ಜಾಗ ಒಂದಿದೆ. ಹಳ್ಳ ಬೆಟ್ಟದಿಂದ ಹೊರಬೀಳುವ ಕಡೆ ಬೀಸಣಿಗೆಯ ಆಕಾರದಲ್ಲಿ ಹರಡಿರುವ ಮೆಲ್ಲನೆಯ ಇಳಿಜಾರು. ಮಣ್ಣು ಫಲವತ್ತು, ನೀರು ಹತ್ತಿರ, ರಸ್ತೆಗೂ ಅನುಕೂಲ. ಆ ಮಣ್ಣು ಅಲ್ಲಿಗೆ ಬಂದದ್ದು ಹೇಗೆ ಎಂದು ಕೇಳಿಕೊಳ್ಳಿ. ಹಿಂದೆ ಮತ್ತೆ ಮತ್ತೆ ಇಳಿದ ಕೆಸರು ಮತ್ತು ಕಲ್ಲಿನ ರಾಶಿಯೇ ಆ ನೆಲ. ಬಾವಿ ತೋಡುವಾಗ ಅಥವಾ ಪಾಯ ಅಗೆಯುವಾಗ ಮೂಲೆ ಸವೆಯದ ದೊಡ್ಡ ಕಲ್ಲುಗಳು ಕೆಸರಿನಲ್ಲಿ ಕಲಸಿಕೊಂಡಂತೆ ಸಿಕ್ಕರೆ ಉತ್ತರ ಸಿಕ್ಕಂತೆಯೇ. ನದಿ ಹೊತ್ತು ತಂದ ಕಲ್ಲು ದುಂಡಗಿರುತ್ತದೆ, ಪದರ ಪದರವಾಗಿ ಕೂತಿರುತ್ತದೆ.

3. ಮೇಲಕ್ಕೆ ಹತ್ತಿ ನೋಡಿ

ಮಳೆಗೆ ಗುಡ್ಡ ಜರಿಯುವುದನ್ನು ಕಂಡವರಿಗೆ ಇಳಿಜಾರಿನ ಕೆಳಭಾಗ, ಹಳ್ಳದ ದಂಡೆಗಳ ಮೇಲೆ ಕಣ್ಣಿರುತ್ತದೆ. ನೀರು ಸೇರುವುದು ಅಲ್ಲೇ ತಾನೇ. ಭೂಕಂಪದ ಸ್ವಭಾವ ಬೇರೆ. ಅದು ಜಾಸ್ತಿ ಕಳಚುವುದು ಏಣಿನ ಹತ್ತಿರ, ನೆತ್ತಿಯ ಬಳಿ. ಮರವನ್ನು ಅಲ್ಲಾಡಿಸಿದಾಗ ಬುಡಕ್ಕಿಂತ ತುದಿ ಹೆಚ್ಚು ತೂಗುವ ಹಾಗೆ, ಕಂಪನದ ಅಲೆಗಳು ಕಿರಿದಾದ ಏಣಿನಲ್ಲಿ ಹಿಗ್ಗುತ್ತವೆ. 2001ರ ಜನವರಿ 13ರಂದು ಎಲ್ ಸಾಲ್ವಡಾರ್‌ನ ಸಾಂತಾ ತೆಕ್ಲಾದಲ್ಲಿ ಊರಿನ ಮೇಲಿದ್ದ ಏಣಿನ ಅಂಚು ಕಳಚಿ ಲಾಸ್ ಕೊಲಿನಾಸ್ ಬಡಾವಣೆಯ ಮೇಲೆ ಬಿತ್ತು. 500ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಹಾಗಾಗಿ ಮಳೆಗಾಲದಲ್ಲಿ ಎಂದೂ ತೊಂದರೆ ಕೊಡದ ಗುಡ್ಡ ಭೂಕಂಪದಲ್ಲೂ ಸುಮ್ಮನಿರುತ್ತದೆ ಎಂದು ನಂಬಬೇಡಿ.

ಒಣಗಿದ ದಿನ ನೋಡಿಕೊಂಡು, ಜೊತೆಗೊಬ್ಬರನ್ನು ಕರೆದುಕೊಂಡು, ಮನೆಯ ಮೇಲಿನ ಗುಡ್ಡ ಹತ್ತಿ. ನೆತ್ತಿಯ ಉದ್ದಕ್ಕೂ ಇಳಿಜಾರಿಗೆ ಅಡ್ಡಲಾಗಿ ಓಡುವ ಬಿರುಕಿದೆಯೇ ಎಂದು ನೋಡಿ. ಮೆಟ್ಟಿಲಿನಂತೆ ತಗ್ಗಿದ ನೆಲ, ಬುಡದಲ್ಲಿ ಬಾಗಿದ ಮರ, ವಾಲಿದ ಕಂಬ, ತಾನಾಗಿ ಬಿರಿದ ಕಲ್ಲಿನ ಗೋಡೆ ಇವೆಲ್ಲ ನೆಲ ಈಗಾಗಲೇ ಸರಿಯುತ್ತಿರುವ ಗುರುತುಗಳು. ಹಿಂದಿರುಗುವಾಗ ಬಂಡೆಗಳ ಬುಡ ನೋಡಿ. ಮಣ್ಣಿನಲ್ಲಿ ಹೂತಿರುವ, ಪಾಚಿ ಹಿಡಿದ ಬಂಡೆ ಹಳೆಯದು. ಹುಲ್ಲಿನ ಮೇಲೆ ಸುಮ್ನೆ ಕೂತಿರುವ, ಒಡೆದ ಮುಖ ಹೊಸದಾಗಿ ಹೊಳೆಯುವ ಬಂಡೆ ಈಚೆಗೆ ಉರುಳಿ ಬಂದದ್ದು. ಅದು ನಿಂತ ಜಾಗದವರೆಗೆ ಇನ್ನೊಂದೂ ಬರುತ್ತದೆ.

ಮಣ್ಣಿನ ಗುಣವೂ ಮುಖ್ಯ. 2018ರ ಸೆಪ್ಟೆಂಬರ್ 6ರ ನಸುಕಿನಲ್ಲಿ ಜಪಾನಿನ ಹೊಕ್ಕೈಡೊದಲ್ಲಿ 6.6 ತೀವ್ರತೆಯ ಭೂಕಂಪವಾದಾಗ ಅತ್ಸುಮಾದ ಸುತ್ತ ಸಾವಿರಾರು ಇಳಿಜಾರುಗಳು ಜಾರಿದವು. ಅವೇನೂ ಎತ್ತರದ ಪರ್ವತಗಳಲ್ಲ, ಕಾಡು ತುಂಬಿದ ತಗ್ಗು ಗುಡ್ಡಗಳು. ಒಳಗಿದ್ದದ್ದು ಹಳೆಯ ಜ್ವಾಲಾಮುಖಿಗಳ ಹಗುರ ಬೂದಿಗಲ್ಲಿನ ಪದರ. ಮರಗಳು ನಿಂತ ಮಣ್ಣೆಲ್ಲ ಬೇರು ಸಮೇತ ಇಳಿಯಿತು. ಕಾಡಿದ್ದರೆ ಗುಡ್ಡ ಜರಿಯುವುದಿಲ್ಲ ಎಂಬ ಮಾತನ್ನು ಭೂಕಂಪದ ವಿಷಯದಲ್ಲಿ ಪೂರ್ತಿ ನಂಬುವ ಹಾಗಿಲ್ಲ.

ಕೊನೆಗೆ ಮನುಷ್ಯರು ಮಾಡಿದ ಗಾಯಗಳು. ರಸ್ತೆಗೋ ಮನೆಗೋ ಗುಡ್ಡ ಕಡಿದು ನೇರ ನಿಲ್ಲಿಸಿದ ಧರೆ, ಹಾಗೆ ಕಡಿದ ಮಣ್ಣನ್ನು ಕೆಳಗೆ ಸುರಿದ ರಾಶಿ, ಎರಡೂ ಸಣ್ಣ ಕಂಪನಕ್ಕೇ ಮೊದಲು ಬೀಳುವಂಥವು. ಕಡಿದಾದ ಜಾಗದಲ್ಲಿ 4ರ ಆಸುಪಾಸಿನ ತೀವ್ರತೆಗೇ ಕಲ್ಲು ಉರುಳಿದ ಉದಾಹರಣೆಗಳಿವೆ.

4. ಮನೆಯೊಳಗೆ ಬದಲಾಯಿಸಬಹುದಾದದ್ದನ್ನು ಬದಲಾಯಿಸಿ

ಮನೆ ಸ್ಥಳಾಂತರಿಸಲು ಎಲ್ಲರಿಗೂ ಆಗುವುದಿಲ್ಲ. ಹಾಸಿಗೆ ಸ್ಥಳಾಂತರಿಸಲು ಆಗುತ್ತದೆ. ಗುಡ್ಡದ ಕಡೆಯ ಗೋಡೆಗೆ ತಾಗಿಕೊಂಡ ಕೋಣೆಯಲ್ಲಿ ಮಲಗಬೇಡಿ. ಬಂಡೆಯಾಗಲಿ ಕೆಸರಾಗಲಿ ಮೊದಲು ಒಡೆಯುವುದು ಆ ಗೋಡೆಯನ್ನೇ. ಕಣಿವೆಯ ಕಡೆಯ ಕೋಣೆಗೆ ಹಾಸಿಗೆ ಸರಿಸಿ. ಕೆಸರು ನುಗ್ಗಿದಾಗ ಮಹಡಿಯ ಮೇಲಿದ್ದವರು ಉಳಿಯುವ ಸಾಧ್ಯತೆ ಜಾಸ್ತಿ. ಆದರೆ ಕಬ್ಬಿಣವಿಲ್ಲದೆ ಕಲ್ಲು, ಮಣ್ಣಿನಲ್ಲಿ ಕಟ್ಟಿದ ಮನೆಯಾದರೆ ಕಂಪನಕ್ಕೇ ಮಹಡಿ ಕುಸಿಯಬಹುದು. ಅಂಥ ಮನೆಯಲ್ಲಿ ನೆಲ ಅಂತಸ್ತೇ ವಾಸಿ, ಹಾಸಿಗೆಯ ದಿಕ್ಕು ಮಾತ್ರ ಬದಲಾಗಲಿ.

ಮನೆಯವರೆಲ್ಲ ಸೇರುವ ಜಾಗ ಒಂದು ಗೊತ್ತು ಮಾಡಿ. ರಸ್ತೆ ಬದಿ ಅನುಕೂಲ ಎಂದು ಅನೇಕರು ಅದನ್ನೇ ಆರಿಸುತ್ತಾರೆ. ಆ ರಸ್ತೆ ಧರೆಯ ಕೆಳಗಿದ್ದರೆ ಅದು ಸೇರುವ ಜಾಗವಲ್ಲ. ಅಲ್ಲಿಗೆ ಹೋಗುವ ದಾರಿ ಹಳ್ಳ ದಾಟುವಂತಿದ್ದರೆ ಇನ್ನೊಂದು ದಾರಿಯನ್ನೂ ನಡೆದು ನೋಡಿ. ಹಾಸಿಗೆಯ ಪಕ್ಕ ಗಟ್ಟಿ ಅಡಿಯ ಶೂ, ಟಾರ್ಚ್, ಸೀಟಿ ಇರಲಿ. ನೀರು, ಒಣ ಆಹಾರ, ದಿನವೂ ತೆಗೆದುಕೊಳ್ಳುವ ಔಷಧಿಗಳನ್ನು ಬಯಲು ಸೀಮೆಯವರು ಇಡುವುದಕ್ಕಿಂತ ಹೆಚ್ಚು ದಿನಕ್ಕೆ ಇಟ್ಟುಕೊಳ್ಳಿ. ರಸ್ತೆ ತುಂಡಾದರೆ ಬೇಗ ಕೂಡುವುದಿಲ್ಲ. ನ್ಯೂಜಿಲೆಂಡಿನ ಕೈಕೋರಾದಲ್ಲಿ 2016ರ ನವೆಂಬರ್ 14ರ 7.8 ತೀವ್ರತೆಯ ಭೂಕಂಪಕ್ಕೆ ಗುಡ್ಡಗಳು ಜರಿದು ಮುಚ್ಚಿದ ಕರಾವಳಿ ಹೆದ್ದಾರಿ ಮತ್ತೆ ತೆರೆದದ್ದು 2017ರ ಡಿಸೆಂಬರ್ ಮಧ್ಯದಲ್ಲಿ. ದುಡ್ಡಿಗೂ ಯಂತ್ರಕ್ಕೂ ಕೊರತೆಯಿಲ್ಲದ ದೇಶದ ಕತೆ ಇದು.

5. ನೆಲ ಅಲುಗುವಾಗ

ಒಳಗಿದ್ದರೆ ಬಗ್ಗಿ, ಗಟ್ಟಿ ಮೇಜಿನ ಕೆಳಗೆ ಸೇರಿ, ಅದನ್ನು ಹಿಡಿದುಕೊಳ್ಳಿ. ಅಲುಗಾಟ ಜೋರಾಗಿರುವಾಗ ಓಡಿದರೆ ಬೀಳುವುದೇ ಹೆಚ್ಚು. ಅಲುಗಾಟ ನಿಂತ ಕೂಡಲೇ, ನೆತ್ತಿಯ ಕೋನ ದೊಡ್ಡದಿರುವ ಮನೆಯಾದರೆ, ಹೊರಟುಬಿಡಿ. ಸಾಮಾನು ಹುಡುಕುತ್ತಾ ನಿಲ್ಲಬೇಡಿ. ಮೊದಲೇ ಗೊತ್ತು ಮಾಡಿದ ಜಾಗಕ್ಕೆ ನೇರ ನಡೆಯಿರಿ.

ಹೊರಗೆ ಕಡಿದಾದ ದಾರಿಯಲ್ಲಿದ್ದರೆ ಮೊದಲ ನೋಟ ಮೇಲಕ್ಕೆ. ಕಲ್ಲು ಬರುತ್ತಿದ್ದರೆ ಅದು ಯಾವ ಕಡೆ ಪುಟಿಯುತ್ತಿದೆ ನೋಡಿ, ಅಡ್ಡಕ್ಕೆ ಸರಿಯಿರಿ. ಕೆಳಕ್ಕೆ ಓಡಿ ಬಂಡೆಯನ್ನು ಹಿಂದೆ ಹಾಕುತ್ತೇನೆ ಎಂದುಕೊಳ್ಳಬೇಡಿ, ಯಾರಿಂದಲೂ ಆಗದು. ಹತ್ತಿರದಲ್ಲಿ ನೆಲಕ್ಕೆ ಕಚ್ಚಿಕೊಂಡ ದೊಡ್ಡ ಬಂಡೆ ಅಥವಾ ದಪ್ಪ ಮರಗಳ ಗುಂಪಿದ್ದರೆ ಅದರ ಕೆಳಮಗ್ಗುಲಿಗೆ ಸೇರಿಕೊಳ್ಳಿ. ಏನೂ ಇಲ್ಲದಿದ್ದರೆ ಬೆನ್ನಿನ ಚೀಲವನ್ನು ತಲೆಗೆ ಅಡ್ಡ ಹಿಡಿದು ಮುದುಡಿ ಕೂರಿ. ಹಳ್ಳದೊಳಗಿದ್ದರೆ ದಂಡೆ ಹತ್ತುವುದೊಂದೇ ದಾರಿ.

ವಾಹನದಲ್ಲಿರುವವರಿಗೆ ನಿಧಾನ ಮಾಡಿ ನಿಲ್ಲಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದಕ್ಕೆ ಒಂದು ಮಾತು ಸೇರಿಸಿಕೊಳ್ಳಿ: ಧರೆಯ ಕೆಳಗೆ ನಿಲ್ಲಿಸಬೇಡಿ. ಎದುರಿಗೇ ತೆರೆದ ಜಾಗ ಕಾಣುತ್ತಿದ್ದು ರಸ್ತೆ ಸರಿಯಿದ್ದರೆ ಮೆಲ್ಲಗೆ ಅಲ್ಲಿಯವರೆಗೆ ಹೋಗಿ. ಗುಡ್ಡ ಬಿದ್ದು ರಸ್ತೆ ಕಟ್ಟಿದ್ದರೆ ಅದರ ಮುಂದೆ ಸಾಲುಗಟ್ಟಿ ಕಾಯಬೇಡಿ. ಮುಂದಿನ ಕುಸಿತವೂ ಬಹುಮಟ್ಟಿಗೆ ಅಲ್ಲೇ ಆಗುತ್ತದೆ.

6. ಮೊದಲ ದಿನ, ಮೊದಲ ವಾರ

ದೊಡ್ಡ ಕಂಪನ ಸಡಿಲಗೊಳಿಸಿ ಬಿಟ್ಟದ್ದನ್ನು ಮರುಕಂಪನಗಳು ಕೆಡವುತ್ತವೆ. ಅವು ಕ್ರಮವಾಗಿ ಸಣ್ಣದಾಗುತ್ತಲೇ ಹೋಗುತ್ತವೆ ಎಂಬ ನಿಯಮವಿಲ್ಲ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪವಾಯಿತು. ಮೇ 12ರಂದು, ಜನ ಮನೆ ಕಡೆ ಮುಖ ಮಾಡುತ್ತಿದ್ದ ಹೊತ್ತಿಗೆ, 7.3ರದ್ದು ಬಂತು. ಮೊದಲ ದಿನವೇ ಲಾಂಗ್‌ಟಾಂಗ್ ಹಳ್ಳಿ ಹಿಮ ಮತ್ತು ಬಂಡೆಗಳಡಿ ಮುಚ್ಚಿಹೋಗಿತ್ತು. ಆ ರಾಶಿ ಮುಟ್ಟದ ಎದುರು ದಂಡೆಯ ಮರಗಳನ್ನೂ ಅದು ತಳ್ಳಿದ ಗಾಳಿ ಮಲಗಿಸಿತ್ತು.

ಸಿಕ್ಕಿಬಿದ್ದವರನ್ನು ಹೊರತೆಗೆಯಲು ಹೋಗುವುದು ಸಹಜ. ಹೋಗಿ, ಆದರೆ ಒಬ್ಬರು ಅಗೆಯದೆ ಪಕ್ಕದಲ್ಲಿ ನಿಂತು ಮೇಲಿನ ಗುಡ್ಡವನ್ನೇ ನೋಡುತ್ತಿರಲಿ. ಅವರ ಕೈಯಲ್ಲಿ ಸೀಟಿ ಇರಲಿ. ಸೀಟಿ ಊದಿದರೆ ಯಾವ ಕಡೆ ಓಡಬೇಕು ಎಂಬುದನ್ನು ಅಗೆಯಲು ಶುರುಮಾಡುವ ಮೊದಲೇ ಎಲ್ಲರಿಗೂ ತೋರಿಸಿ. ಸಣ್ಣ ಕಲ್ಲು ಉದುರುವುದು, ಬೇರು ಹರಿಯುವ ಚಟಚಟ ಸದ್ದು, ದೂರದ ಗುಡುಗಿನಂಥ ಶಬ್ದ ಇವೆಲ್ಲ ಸೀಟಿ ಊದಲು ಸಾಕಷ್ಟು ಕಾರಣ.

ಧೂಳಿಗೆ ಮೂಗು ಬಾಯಿ ಮುಚ್ಚಿಕೊಳ್ಳಿ. 1994ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್ ಭೂಕಂಪದ ನಂತರ, ಜರಿದ ಗುಡ್ಡಗಳಿಂದ ಎದ್ದ ಧೂಳಿನಲ್ಲಿದ್ದ ಶಿಲೀಂಧ್ರದಿಂದ ಶ್ವಾಸಕೋಶದ ಕಾಯಿಲೆ ಹರಡಿತ್ತು.

7. ನದಿಯ ಮೇಲೆ ಕಣ್ಣಿಡಿ

ನನ್ನ ಪ್ರಕಾರ ಜನ ಅತಿ ಸುಲಭವಾಗಿ ಮರೆಯುವ ಹಂತ ಇದು. ಜರಿದ ಗುಡ್ಡ ನದಿಗೆ ಅಡ್ಡ ಬಿದ್ದರೆ ತಾನಾಗಿ ಒಂದು ಅಣೆಕಟ್ಟು ಹುಟ್ಟುತ್ತದೆ. ಅದಕ್ಕೆ ತೂಬಿಲ್ಲ, ಕೋಡಿಯಿಲ್ಲ. ಹಿಂದೆ ನೀರು ಏರುತ್ತಾ ಹೋಗಿ, ಮೇಲಿಂದ ಉಕ್ಕಿದಾಗ ಸಡಿಲ ಮಣ್ಣನ್ನು ಕೊರೆದುಕೊಂಡು ಒಮ್ಮೆಲೇ ಒಡೆಯಬಹುದು. ಕಂಪನವೇ ಅಷ್ಟಾಗಿ ತಟ್ಟದ, ಹತ್ತಾರು ಕಿಲೋಮೀಟರ್ ಕೆಳಗಿನ ಊರೂ ಆಗ ಕೊಚ್ಚಿಹೋಗುತ್ತದೆ.

1786ರಲ್ಲಿ ಚೀನಾದ ದಾದು ನದಿಗೆ ಹೀಗೆ ಅಡ್ಡ ಬಿದ್ದ ಕಟ್ಟೆ ಹತ್ತು ದಿನಕ್ಕೆ ಒಡೆದು ಸುಮಾರು ಒಂದು ಲಕ್ಷ ಜನ ಸತ್ತರೆಂದು ದಾಖಲೆಗಳು ಹೇಳುತ್ತವೆ. 1950ರ ಆಗಸ್ಟ್ 15ರಂದು ಅಸ್ಸಾಮಿನಲ್ಲಿ 8.6 ತೀವ್ರತೆಯ ಭೂಕಂಪವಾದಾಗ ಸುಬನ್‌ಸಿರಿ ನದಿ ಕಟ್ಟಿಕೊಂಡಿತು. ಎಂಟು ದಿನದ ಮೇಲೆ ಕಟ್ಟೆ ಒಡೆದು ಸುಮಾರು 7 ಮೀಟರ್ ಎತ್ತರದ ನೀರು ನುಗ್ಗಿತು. ಹೀಗೆ ಒಡೆದುಹೋದ ಕಟ್ಟೆಗಳ ಪಟ್ಟಿ ನೋಡಿದರೆ ಅರ್ಧದಷ್ಟು ಹತ್ತು ದಿನದೊಳಗೇ ಒಡೆದಿವೆ. ಹಾಗಂತ ಹತ್ತು ದಿನ ಕಳೆದರೆ ನಿಶ್ಚಿಂತೆ ಎಂದಲ್ಲ. 2005ರ ಅಕ್ಟೋಬರ್ 8ರ ಕಾಶ್ಮೀರ ಭೂಕಂಪದಲ್ಲಿ ಹತ್ತಿಯಾನ್ ಬಾಲಾದಲ್ಲಿ ಹುಟ್ಟಿದ ಕಟ್ಟೆ ಒಡೆದದ್ದು 2010ರ ಫೆಬ್ರುವರಿಯಲ್ಲಿ. ತಜಿಕಿಸ್ತಾನದ ಪಾಮಿರ್ ಪರ್ವತಗಳಲ್ಲಿ 1911ರಲ್ಲಿ ಬಿದ್ದ ಉಸೊಯ್ ಕಟ್ಟೆ, 567 ಮೀಟರ್ ಎತ್ತರದ್ದು, ಇವತ್ತಿಗೂ ಸರೆಜ್ ಸರೋವರವನ್ನು ಹಿಡಿದು ನಿಂತಿದೆ.

ನೀವು ಮಾಡಬೇಕಾದದ್ದು ಇಷ್ಟು. ಭೂಕಂಪದ ನಂತರ ನದಿಯ ಅಂಚಿನ ಕಲ್ಲೊಂದಕ್ಕೆ ಗುರುತು ಹಾಕಿ, ಸುರಕ್ಷಿತ ಎತ್ತರದಿಂದ ಗಂಟೆಗೊಮ್ಮೆ ನೋಡಿ. ಮಳೆ ಕಡಿಮೆಯಾಗದೆ ನೀರು ಮಾತ್ರ ಇಳಿದರೆ ಮೇಲೆಲ್ಲೋ ಕಟ್ಟಿಕೊಂಡಿದೆ ಎಂದೇ ಲೆಕ್ಕ. ಬತ್ತಿದ ನದಿಯಲ್ಲಿ ಮೀನು ಹಿಡಿಯಲು ಇಳಿಯುವವರಿರುತ್ತಾರೆ, ಅವರನ್ನು ಮೇಲಕ್ಕೆ ಕರೆಯಿರಿ. ಆಡಳಿತಕ್ಕೆ ತಿಳಿಸಿ, ಕೆಳಗಿನ ಊರಿನವರಿಗೆ ಫೋನ್ ಮಾಡಿ, ನದಿಯಿಂದ ಎತ್ತರಕ್ಕೆ ಹೋಗಿ ಅಲ್ಲೇ ಇರಿ. ಮಳೆಯಿಲ್ಲದೆ ನೀರು ಏರುತ್ತಿದ್ದರೆ ಕಟ್ಟೆ ನಿಮ್ಮ ಕೆಳಗಿದೆ, ನಿಮ್ಮ ಊರು ನಿಧಾನವಾಗಿ ಮುಳುಗುತ್ತದೆ. ಆಗ ಸಾಮಾನು ಸಾಗಿಸಲು ಸ್ವಲ್ಪವಾದರೂ ಸಮಯವಿರುತ್ತದೆ. ಕಟ್ಟೆ ಕಡಿದು ನೀರು ಬಿಡುವುದು ಎಂಜಿನಿಯರುಗಳ ಕೆಲಸ. ವೆಂಚುವಾನ್ ಭೂಕಂಪದ ನಂತರ ತಾಂಗ್‌ಜಿಯಾಶಾನ್‌ನಲ್ಲಿ ಕಾಲುವೆ ತೋಡಿ ಜೂನ್‌ನಲ್ಲಿ ನೀರು ಹೊರಬಿಡುವ ಮುನ್ನ ಕೆಳಗಿನ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬೇರೆಡೆಗೆ ಕಳಿಸಿದ್ದರು.

8. ಬಿರುಕುಗಳಿಗೆ ಗೂಟ ಹೊಡೆಯಿರಿ

ಜರಿಯದೆ ಬಿರಿದು ನಿಂತ ಗುಡ್ಡ ಮುಂದಿನ ಮಳೆಗೆ ಕಾಯುತ್ತಿರುತ್ತದೆ. ಮನೆಯ ಮೇಲ್ಗಡೆ ಹೊಸ ಬಿರುಕು ಕಂಡರೆ ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು, ದಿನಾಂಕದ ಜೊತೆ ಬರೆದಿಡಿ. ದಿನವೂ ಅದೇ ಹೊತ್ತಿಗೆ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ, ಅದರಲ್ಲೂ ಹೆಚ್ಚುವ ವೇಗವೇ ಏರುತ್ತಿದ್ದರೆ, ಮನೆ ಬಿಡಿ. ನಿಂತಿದ್ದರೆ ಬಿರುಕಿಗೆ ಜೇಡಿಮಣ್ಣು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮಳೆನೀರು ಪಕ್ಕಕ್ಕೆ ಹೋಗುವಂತೆ ಸಣ್ಣ ಕಾಲುವೆ ತೋಡಿ. ಒರತೆಯ ನೀರು ದಿಢೀರನೆ ಕೆಂಪಾದರೆ, ನಿಂತುಹೋದರೆ ಅಥವಾ ಹೊಸ ಜಾಗದಲ್ಲಿ ಒಸರಲು ಶುರುವಾದರೆ ಗೂಟದ ಲೆಕ್ಕಕ್ಕೂ ಕಾಯಬೇಡಿ.

9. ಮುಂದಿನ ಮಳೆಗಾಲಗಳು

ಭೂಕಂಪದಲ್ಲಿ ಜರಿದ ಮಣ್ಣೆಲ್ಲ ಒಮ್ಮೆಗೇ ಕಣಿವೆ ಸೇರುವುದಿಲ್ಲ. ಬಹುಪಾಲು ಹಳ್ಳಗಳ ತಲೆಯಲ್ಲಿ ಕೂತಿರುತ್ತದೆ. ಸಿಚುವಾನ್‌ನ ಹಳೆಯ ಬೆಯ್‌ಚುವಾನ್ ಪಟ್ಟಣ 2008ರ ಮೇನಲ್ಲಿ, ವೆಂಚುವಾನ್ ಭೂಕಂಪಕ್ಕೆ, ಗುಡ್ಡ ಬಿದ್ದು ಹಾಳಾಗಿತ್ತು. ಅದೇ ವರ್ಷದ ಸೆಪ್ಟೆಂಬರ್ 24ರ ಜೋರು ಮಳೆಗೆ ಕೆಸರಿನ ಹೊಳೆ ಬಂದು ಉಳಿದದ್ದರಲ್ಲೂ ಒಂದು ಪಾಲನ್ನು ಹೂತಿತು. ತೈವಾನಿನಲ್ಲಿ 1999ರ ಸೆಪ್ಟೆಂಬರ್ 21ರ ಚಿಚಿ ಭೂಕಂಪದ ನಂತರ ಮೊದಲಿಗಿಂತ ಎಷ್ಟೋ ಕಡಿಮೆ ಮಳೆಗೇ ಹಳ್ಳಗಳು ಕಲ್ಲು ಕೆಸರು ಹೊತ್ತು ಇಳಿದವು. ಕೆಲವು ವರ್ಷ ಹಾಗೇ ನಡೆಯಿತು.

ಆದ್ದರಿಂದ ಇಷ್ಟು ಮಳೆ ಬಂದರೆ ಭಯವಿಲ್ಲ ಎಂಬ ಊರಿನ ಹಳೆಯ ಅಂದಾಜನ್ನು ಬದಿಗಿಡಿ. ಜೋರು ಮಳೆಯ ಮುನ್ಸೂಚನೆ ಇದ್ದ ರಾತ್ರಿ ಹಳ್ಳದ ಬಾಯಿಯ ಮನೆಗಳವರು ಬೇರೆಡೆ ಮಲಗಲಿ.

ಮನೆಗೆ ಮರಳಬಹುದೇ ಎಂದು ಹೇಳಲು ಭೂವಿಜ್ಞಾನಿಗಳು ಬಂದಾಗ ಸುಮ್ನೆ "ಸೇಫಾ?" ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುವುದಿಲ್ಲ. ಮೇಲಿನ ನೆತ್ತಿಯವರೆಗೆ ಹತ್ತಿ ನೋಡಿದ್ದೀರಾ ಎಂದು ಕೇಳಿ. ಹಳ್ಳದ ತಲೆಯಲ್ಲಿ ಎಷ್ಟು ಮಣ್ಣು ಕೂತಿದೆ, ಅದು ಇಳಿದರೆ ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿ. ಎಷ್ಟು ಮಳೆ ಬಂದರೆ ಊರು ಬಿಡಬೇಕು, ಆ ಮಳೆಯನ್ನು ಯಾರು ಎಲ್ಲಿ ಅಳೆಯುತ್ತಾರೆ, ರಾತ್ರಿ ಎರಡು ಗಂಟೆಗೆ ಆ ಮಿತಿ ದಾಟಿದರೆ ನಮಗೆ ಯಾರು ಹೇಳುತ್ತಾರೆ ಎಂದು ಕೇಳಿ. ನಿಮ್ಮ ಗೂಟದ ಅಳತೆಗಳನ್ನು, ದಿನಾಂಕವಿರುವ ಫೋಟೋಗಳನ್ನು ಅವರ ಮುಂದಿಡಿ. ಉತ್ತರಗಳನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಿ.